ಮಂಕರಿಯ ಕೆಳಗಿನ ಜಾಲಿ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಮುಖ ನೋಡುವುದಿಲ್ಲ, ಅಂಗಳ ನೋಡುತ್ತಾರೆ. ಜಾಲಿ ಗಿಡ ಎಷ್ಟಿವೆ, ಎಷ್ಟೆತ್ತರ ಇವೆ, ಅಂದು ಬೆಳಿಗ್ಗೆ ಅವಸರದಲ್ಲಿ ಕಿತ್ತ ಗುರುತು ಎಲ್ಲೆಲ್ಲಿದೆ ಎಂದು ಎಣಿಸಿಕೊಂಡು ಆಮೇಲೆ ಚಪ್ಪಲಿ ಬಿಡುತ್ತಾರೆ. ನಮ್ಮೂರಿನಲ್ಲಿ ಒಬ್ಬರಿಗೆ ಹೇಳಬೇಕಾದ ಮಾತನ್ನು ಹೇಳದೆ ನುಂಗಿಕೊಂಡರೆ, ಮರುದಿನ ಬೆಳಿಗ್ಗೆ ನುಂಗಿದವರ ಹೊಸ್ತಿಲ ಮುಂದೆ ಒಂದು ಸೀಮೆಜಾಲಿ ಮೊಳೆತಿರುತ್ತದೆ. ಕಿತ್ತರೆ ಮಾರನೆಯ ದಿನ ಮತ್ತೆ ಅಲ್ಲೇ ಹುಟ್ಟುತ್ತದೆ. ಆ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಿದರೆ ಮಾತ್ರ ಗಿಡ ಒಣಗಿ ಕೈಗೆ ಬರುತ್ತದೆ. ಇದು ಎಂದಿನಿಂದ, ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ಮಳೆ ಯಾಕೆ ಮೇಲಿನಿಂದ ಕೆಳಗೆ ಬೀಳುತ್ತದೆ ಎಂದು ನಾನು ನಿಮ್ಮನ್ನು ಕೇಳಿದೆನೇ?

ಇದಕ್ಕೆ ತಕ್ಕಂತೆ ನಾವೂ ಬದುಕುತ್ತಿದ್ದೇವೆ. ಹೆಂಗಸರು ಪೊರಕೆಯ ಪಕ್ಕದಲ್ಲೇ ಕುಡುಗೋಲು ಇಟ್ಟುಕೊಂಡಿರುತ್ತಾರೆ. ಹೊಸ ಸೊಸೆಗೆ ಒಂದು ವರ್ಷ ರಿಯಾಯಿತಿ. ಅವಳ ಗಿಡಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊರ ನಡುವೆ ಹುಣಸೆ ಮರದ ಕೆಳಗೆ ಹೇಳುಕಟ್ಟೆ ಎಂದು ಒಂದಿದೆ. ಶುಕ್ರವಾರ ಬೆಳಿಗ್ಗೆ ಹೇಳಬೇಕಾದವರು ಕಟ್ಟೆ ಹತ್ತಿ ನಿಲ್ಲುತ್ತಾರೆ, ಹೇಳಿಸಿಕೊಳ್ಳಬೇಕಾದವರು ಕೆಳಗೆ ಕೂರುತ್ತಾರೆ. ಹೇಳಿ ಮುಗಿಸಿ, ಮನೆಗೆ ಹೋಗಿ, ಒಣಗಿದ ಗಿಡವನ್ನು ಒಲೆಗೆ ಹಾಕಿ ರೊಟ್ಟಿ ಸುಡುತ್ತಾರೆ.

ನನ್ನ ಹೆಸರು ತಿಮ್ಮಾಜಮ್ಮ. ವಯಸ್ಸು ಐವತ್ತೆರಡು. ಇದೇ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎನ್ನುತ್ತಾರೆ. ಸುಳ್ಳು, ಅಷ್ಟು ದೂರ ಅದು ಯಾವತ್ತೂ ಹೋಗಿಲ್ಲ, ನಾಲಿಗೆಯ ಮೇಲೇ ಇರುತ್ತದೆ. ಆದ್ದರಿಂದ ನನ್ನ ಅಂಗಳದಲ್ಲಿ ಒಂದು ಮುಳ್ಳಿಲ್ಲ. ನನ್ನ ಯಜಮಾನರು ಇದ್ದಾಗ ಒಂದಿಷ್ಟು ಗಿಡಗಳಿದ್ದವು, ಅವೆಲ್ಲ ಅವರವು. ಪಾಪ, ಅವರಿಗೆ ಮಾತು ಬಹಳ ಕಡಿಮೆ. ಎಂಟು ವರ್ಷದ ಹಿಂದೆ ಅವರು ತೀರಿಕೊಂಡ ದಿನವೇ ಆ ಗಿಡಗಳೂ ಹೋದವು. ಅಂದಿನಿಂದ ಸಗಣಿ ಸಾರಿಸಿದ ನೆಲ ಕನ್ನಡಿಯ ಹಾಗಿದೆ. ಪಂಚಾಯಿತಿಯವರು ‘ಮಾದರಿ ಅಂಗಳ’ ಎಂದು ಬೋರ್ಡು ಬರೆಸಿ ನನ್ನ ಗೇಟಿಗೆ ಕಟ್ಟಿದ್ದರು. ಬೀದಿಯಲ್ಲಿ ಹೋಗುವ ತಾಯಂದಿರು ಮಕ್ಕಳಿಗೆ ಅದನ್ನು ತೋರಿಸುತ್ತಿದ್ದರು. ನಾನು ಜಗಲಿಯ ಮೇಲೆ ಕೂತು, ನೋಡದವಳ ಹಾಗೆ ನೋಡುತ್ತಿದ್ದೆ.

ಪೇಟೆಯ ಕಾಲೇಜೊಂದರಲ್ಲಿ ಸಮಾಜಕಾರ್ಯ ಎಂದು ಒಂದು ಓದು ಇದೆಯಂತೆ. ಅಲ್ಲಿಂದ ಮೂರು ವರ್ಷದ ಹಿಂದೆ ಮೊದಲ ತಂಡ ನಮ್ಮೂರಿಗೆ ಬಂತು. ಅವರಿಗೆ ಕಂಡದ್ದು ಜಾಲಿ ಮಾತ್ರ. ಜಾಲಿ ಅಂತರ್ಜಲ ಕುಡಿಯುತ್ತದೆ, ಪರಿಸರಕ್ಕೆ ಕೇಡು ಎಂದು ಜೆಸಿಬಿ ತಂದು ಕೆರೆ ಏರಿಯ ಮೇಲಿನ ಮುಳ್ಳನ್ನೆಲ್ಲ ಬುಡಸಮೇತ ಎತ್ತಿ ಹಾಕಿದರು. ಏರಿಯ ಕಲ್ಲೂ ನಾಲ್ಕು ಕಿತ್ತುಬಂದವು. ಊರಿನವರು ಅವರಿಗೆ ಪಾಯಸ ಬಡಿಸಿ, ಹಾರ ಹಾಕಿ, ಒಂದು ಮಾತೂ ಆಡದೆ ಕಳಿಸಿದರು. ಮಾರನೆಯ ದಿನ ಎದ್ದು ನೋಡಿದರೆ ಏರಿಯ ಮೇಲೆ ಹಳೆಯ ಜಾಲಿಯೆಲ್ಲ ಮತ್ತೆ ಎದ್ದು ನಿಂತಿತ್ತು, ಜೊತೆಗೆ ನನ್ನದೊಂದು ಬಿಟ್ಟು ಪ್ರತಿ ಮನೆಯ ಮುಂದೆ ಒಂದೊಂದು ಹೊಸದು. ಮರುವರ್ಷದ ತಂಡಕ್ಕೆ ಕಂಡದ್ದು ಜನ ಮಾತ್ರ. ನಮ್ಮನ್ನೆಲ್ಲ ಶಾಲೆಯಲ್ಲಿ ಸುತ್ತ ಕೂರಿಸಿ, ಕಣ್ಣು ಮುಚ್ಚಿ ಉಸಿರಾಡಿ ಎಂದರು. ಅಲ್ಲಿಯವರೆಗೆ ನಾವೇನು ಉಸಿರಾಡದೆ ಇದ್ದೆವೇ? ಅಲ್ಲೇ ಎದ್ದು ನಿಂತು ಕೇಳಿಬಿಟ್ಟೆ.

ಮೂರನೆಯ ವರ್ಷ ಇಂದುಮತಿ ಮೇಡಂ ಎನ್ನುವ ಪ್ರಾಧ್ಯಾಪಕಿಯೇ ಬಂದರು. ಗಿಡ, ಕೆರೆ, ನೆಲ ಒಂದು ಕಡೆ, ಜನ ಒಂದು ಕಡೆ ಎಂದು ಬೇರೆಬೇರೆಯಾಗಿ ಕಲಿಸಿದ್ದೇ ತಮ್ಮ ತಪ್ಪು ಎಂದು ಒಪ್ಪಿಕೊಂಡರು. ಇನ್ನು ಮೇಲೆ ಎರಡನ್ನೂ ಕೂಡಿಸಿ ಕಲಿಸುತ್ತೇವೆ, ಮೊದಲು ಒಬ್ಬಳೇ ವಿದ್ಯಾರ್ಥಿನಿ ಬಂದು ಒಂದು ತಿಂಗಳು ಇರುತ್ತಾಳೆ, ಅದು ಸರಿ ಹೋದರೆ ನಿಮ್ಮೂರನ್ನೇ ಕಾಯಂ ತರಬೇತಿ ಊರು ಮಾಡುತ್ತೇವೆ, ತಿಮ್ಮಾಜಮ್ಮನವರೇ ಅದಕ್ಕೆ ಬೋಧಕಿ ಎಂದರು. ಬೋಧಕಿ! ಏಳನೆಯ ತರಗತಿಗೆ ಬಿಟ್ಟ ಶಾಲೆಯ ಮುಂದೆ ಅಂದು ಸಂಜೆ ಸುಮ್ಮನೆ ಎರಡು ಸಲ ನಡೆದಾಡಿ ಬಂದೆ.

ಬಂದ ಹುಡುಗಿಯ ಹೆಸರು ಸುಚರಿತಾ. ಕಡ್ಡಿಯಂಥ ಮೈ, ದೊಡ್ಡ ಕನ್ನಡಕ, ಮಾತಾಡಿದರೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ. “ನಮಸ್ಕಾರ ಆಂಟಿ” ಎಂದಳು. “ಆಂಟಿ ಅಂದ್ರೆ ಎತ್ತಿ ಒಲೆಗೆ ಹಾಕ್ತೀನಿ. ಅಮ್ಮ ಅನ್ನು, ಇಲ್ಲಾಂದ್ರೆ ತಿಮ್ಮಾಜಮ್ಮ ಅನ್ನು” ಎಂದೆ. “ಆಯ್ತಮ್ಮ” ಎಂದು ಹಿತ್ತಲ ಕೋಣೆಯಲ್ಲಿ ಚೀಲ ಇಟ್ಟಳು. ರಾತ್ರಿ ಮುದ್ದೆ, ಉಪ್ಪೆಸರು ಬಡಿಸಿದೆ. ಚೆನ್ನಾಗಿದೆಯಾ ಎಂದರೆ ಕಣ್ಣಲ್ಲಿ ನೀರು ತುಂಬಿಕೊಂಡು “ತುಂಬಾ ಚೆನ್ನಾಗಿದೆ ಅಮ್ಮ” ಎಂದಳು.

ಬೆಳಿಗ್ಗೆ ಅವಳ ಕೋಣೆಯ ಹೊಸ್ತಿಲ ಮುಂದೆ ಹೆಬ್ಬೆಟ್ಟಿನಷ್ಟು ಜಾಲಿ ನಿಂತಿತ್ತು. “ಏನವ್ವಾ ಇದು?” ಎಂದೆ. ಅವಳು ಅದನ್ನೂ ನನ್ನನ್ನೂ ನೋಡಿದಳು. “ನೆನ್ನೆ ಸಾರು... ಸ್ವಲ್ಪ ಖಾರ ಇತ್ತಮ್ಮ.” ಗಿಡ ಅಲ್ಲಾಡಲಿಲ್ಲ. “ಸ್ವಲ್ಪಾನಾ?” ಎಂದೆ. “ತುಂಬಾ ಖಾರ! ನಾಲಿಗೆ ಸುಟ್ಟೋಯ್ತು. ಇಂಥ ಸಾರು ಮನುಷ್ಯರು ತಿಂತಾರಾ?” ಎಂದುಬಿಟ್ಟಳು. ಗಿಡ ಅಲ್ಲೇ ಸುಕ್ಕುಗಟ್ಟಿ, ಬಾಡಿ, ಬೆಂಕಿಕಡ್ಡಿಯ ಹಾಗೆ ಉರುಳಿತು. “ನೋಡು, ಇದು ಮೊದಲನೇ ಪಾಠ. ಬರ್ಕೋ” ಎಂದೆ. ನಿಜವಾಗಿಯೂ ಪುಸ್ತಕ ತೆಗೆದು ಬರೆದುಕೊಂಡಳು. ನನಗೆ ಒಳಗೊಳಗೇ ಇಷ್ಟವಾದಳು. ಸಾರಿಗೆ ಮಾತ್ರ ಖಾರ ಕಡಿಮೆ ಮಾಡಲಿಲ್ಲ.

ಅವಳಿಗೆ ಕಾಲೇಜಿನವರು ಕೊಟ್ಟ ಕೆಲಸ ಒಂದೇ: ಕೆರೆ ಏರಿಯ ಮೇಲಿನ ಜಾಲಿ ಹೋಗಬೇಕು. ಬೇರುಗಳು ಏರಿಯ ಕಲ್ಲುಗಳ ಸಂದಿಗೆ ಇಳಿದು ನೀರು ಜಿನುಗಲು ಶುರುವಾಗಿತ್ತು. ಆ ಜಾಲಿಯೆಲ್ಲ ಒಬ್ಬನೇ ಒಬ್ಬನದು. ಏರಿಯ ಕೆಳಗಿನ ಒಂಟಿ ಮನೆಯ ಮೂಡಲಗಿರಿಯಪ್ಪ. ನಾವು ಮೂಡ್ಲಣ್ಣ ಎನ್ನುತ್ತೇವೆ. ಅವನು ಮಾತು ನುಂಗಿ ನುಂಗಿ ಅಂಗಳ ತುಂಬಿ, ಹಿತ್ತಲು ತುಂಬಿ, ಮುಳ್ಳು ಏರಿಯ ಮೇಲೆ ಹತ್ತಿತ್ತು. ಅದನ್ನೇ ಕಡಿದು, ಜೋಡಿಸಿ, ಮಣ್ಣು ಮೆತ್ತಿ, ಇದ್ದಿಲು ಸುಟ್ಟು ಸುತ್ತಲ ಊರುಗಳ ಇಸ್ತ್ರಿ ಅಂಗಡಿಗಳಿಗೆ ಕೊಟ್ಟು ಅವನು ಬದುಕುತ್ತಿದ್ದ. ಅವನು ಕಡಿಯುತ್ತಿದ್ದ, ಮರುದಿನ ಅದು ಮೊದಲಿನಷ್ಟೇ ದಪ್ಪಕ್ಕೆ ಮತ್ತೆ ಹುಟ್ಟುತ್ತಿತ್ತು. ಮೂಡ್ಲಣ್ಣ ಬಾಯಿ ಬಿಟ್ಟರೆ ಮೂರು ಊರಿನ ಅಂಗಿ ಸುಕ್ಕಾಗುತ್ತದೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು.

ನಾನು ಅವನನ್ನು ಸರಿ ಮಾಡಲು ಪ್ರಯತ್ನಿಸದೆ ಇರಲಿಲ್ಲ. ಪ್ರತಿ ಶುಕ್ರವಾರ ಕಟ್ಟೆ ಹತ್ತಿ, ಅವನನ್ನು ಕೆಳಗೆ ಕೂರಿಸಿ ಬೈಯುತ್ತಿದ್ದೆ. “ಲೇ ಮೂಡ್ಲಣ್ಣ, ನಿನ್ನ ಬಾಯಿಗೆ ಬೀಗ ಹಾಕಿದ್ದಾರೇನೋ? ನಿನ್ನಿಂದ ಕೆರೆ ಹೋಗುತ್ತೆ, ಊರು ಹೋಗುತ್ತೆ. ಹೇಳೋದಿದ್ರೆ ಹೇಳಿ ಸಾಯಿ!” ಅವನು ಟವಲಿನಿಂದ ಮುಖ ಒರೆಸಿಕೊಂಡು “ಆಯ್ತು ತಾಯಿ” ಎನ್ನುತ್ತಿದ್ದ. ಶನಿವಾರ ಬೆಳಿಗ್ಗೆ ಏರಿಯ ಮೇಲೆ ಇನ್ನೂ ನಾಲ್ಕು ಗಿಡ. ಇಂಥವರಿಗೆ ಎಷ್ಟು ಹೇಳಿದರೇನು ಎಂದು ಮುಂದಿನ ಶುಕ್ರವಾರ ಇನ್ನೊಂದಿಷ್ಟು ಹೇಳುತ್ತಿದ್ದೆ.

ಸುಚರಿತಾಳಿಗೂ ಅದನ್ನೇ ಕಲಿಸಿದೆ. “ಬೈದು ಬೈದು ಬಾಯಿ ಬಿಡಿಸು” ಎಂದೆ. “ನಾನು ಮೊದಲು ಕೇಳಿಸ್ಕೊಳ್ತೀನಿ ಅಮ್ಮ” ಎಂದಳು. “ಏನ್ ಕೇಳಿಸ್ಕೊಳ್ತೀಯ? ಅವನು ಮಾತೇ ಆಡಲ್ಲ.” “ಅದನ್ನೇ ಕೇಳಿಸ್ಕೊಳ್ತೀನಿ.” ಕೇಳಿಸಿಕೊಳ್ಳುವುದನ್ನು ಅವರ ಕಾಲೇಜಿನಲ್ಲಿ ಆರು ತಿಂಗಳು ಪಾಠ ಮಾಡುತ್ತಾರಂತೆ. ಎರಡು ಕಿವಿ ಇರುವವರಿಗೆ ಅದಕ್ಕೊಂದು ಕಾಲೇಜೇ ಎಂದು ನಕ್ಕೆ.

ಅವಳು ದಿನಾ ಬೆಳಿಗ್ಗೆ ಮೂಡ್ಲಣ್ಣನ ಮನೆಗೆ ಹೋಗತೊಡಗಿದಳು. ಅವನು ಕಡಿದದ್ದನ್ನು ಹೊರುವುದು, ಸೌದೆ ಜೋಡಿಸುವುದು, ಮಣ್ಣು ಕಲಸುವುದು. ಮಧ್ಯಾಹ್ನ ಮಸಿಯ ಮುಖ ಹೊತ್ತುಕೊಂಡು ಬರುತ್ತಿದ್ದಳು, ಕನ್ನಡಕ ತೆಗೆದರೆ ಕಣ್ಣ ಸುತ್ತ ಎರಡು ಬಿಳಿ ಬಳೆ. “ಸಮಾಜಕಾರ್ಯ ಕಲಿಯೋಕೆ ಬಂದ್ಯೋ, ಇದ್ದಿಲು ಸುಡೋಕೆ ಬಂದ್ಯೋ? ಏನಾದ್ರೂ ಮಾತಾಡಿದ್ನಾ?” ಎಂದು ಕೇಳುತ್ತಿದ್ದೆ. “ಇವತ್ತು ಗಾಳಿ ಯಾವ ಕಡೆಯಿಂದ ಅಂತ ಹೇಳಿದ್ರು ಅಮ್ಮ.” “ಅಷ್ಟೇನಾ?” “ನೆನ್ನೆ ಅದೂ ಹೇಳಿರ್ಲಿಲ್ಲ.” ಮಧ್ಯಾಹ್ನದ ಮೇಲೆ ಅವಳು ಒಂದು ಅಳತೆ ಪಟ್ಟಿ ಹಿಡಿದು ಬೀದಿ ಬೀದಿ ಸುತ್ತಿ ಪ್ರತಿ ಅಂಗಳದ ಗಿಡ ಎಣಿಸಿ, ಬೊಡ್ಡೆಯ ಸುತ್ತಳತೆ ಬರೆದುಕೊಳ್ಳುತ್ತಿದ್ದಳು. ಬೊಡ್ಡೆ ಮುಟ್ಟಿದರೆ ಗಿಡದ ವಯಸ್ಸು ಹೇಳುವ ವಿದ್ಯೆ ಮೂಡ್ಲಣ್ಣನಿಗೆ ಗೊತ್ತಿತ್ತು, ಅದನ್ನು ಅವಳಿಗೆ ಕಲಿಸಿದ್ದ. ನಮಗಾರಿಗೂ ಆ ವಿದ್ಯೆ ಅವನ ಹತ್ತಿರ ಇದೆ ಎಂದೇ ತಿಳಿದಿರಲಿಲ್ಲ.

ಮೇಡಂ ಬಂದು ನೋಡಿ ತೀರ್ಮಾನ ಹೇಳುವ ಶುಕ್ರವಾರಕ್ಕೆ ಮೂರು ದಿನ ಇತ್ತು. ಮಂಗಳವಾರ ಸಂಜೆ ಸುಚರಿತಾ ನನ್ನ ನಡುಮನೆಯಲ್ಲಿ ದೊಡ್ಡ ಹಾಳೆ ಹಾಸಿದಳು. ಇಡೀ ಊರಿನ ನಕ್ಷೆ. ಒಂದು ಗಿಡಕ್ಕೆ ಒಂದು ಹಸಿರು ಚುಕ್ಕೆ, ಹಳೆಯದಾದಷ್ಟೂ ಚುಕ್ಕೆಯ ಬಣ್ಣ ಗಾಢ. ಊರಾಚೆಯ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಕುಂಬಾರರ ಬೀದಿಯಲ್ಲಿ ಇನ್ನೂ ಒಂದಿಷ್ಟು. ನಮ್ಮ ಬೀದಿಗೆ ಬರುತ್ತ ಬರುತ್ತ ಚುಕ್ಕೆಗಳು ಒತ್ತೊತ್ತಾಗಿ, ಹಾಳೆಯ ನಡುವೆ ಒಂದು ಕಡೆ ಹಸಿರು ಉಂಗುರದ ಹಾಗೆ ಆಗಿಬಿಟ್ಟಿತ್ತು. ಆ ಉಂಗುರದ ಒಳಗೆ ಒಂದು ಚೌಕ ಮಾತ್ರ ಹಾಲಿನಂತೆ ಬೆಳ್ಳಗಿತ್ತು.

“ಇದ್ಯಾರ ಮನೆ, ಇಷ್ಟು ಚೊಕ್ಕಟ?” ಎಂದೆ. “ನಿಮ್ಮದೇ ಅಮ್ಮ.” ನನ್ನ ಎದೆ ಉಬ್ಬಿತು. ಆಮೇಲೆ ಸುತ್ತಲ ಉಂಗುರ ನೋಡಿದೆ. ಮೂಡ್ಲಣ್ಣನ ಏರಿ ಮಾತ್ರ ಊರಿನ ಕೊನೆಗಿದ್ದೂ ಕಪ್ಪಾಗಿತ್ತು. ಅವಳು ಅದರ ಮೇಲೆ ಬೆರಳಿಟ್ಟು, “ಇಲ್ಲಿ ಹನ್ನೊಂದು ವರ್ಷದ ಹಿಂದೆ ಒಂದೇ ವಾರದಲ್ಲಿ ನಲವತ್ತು ಗಿಡ ಹುಟ್ಟಿವೆ. ಮಿಕ್ಕಿದ್ದೆಲ್ಲ ಶನಿವಾರ ಶನಿವಾರ ಹುಟ್ಟಿದ್ದು. ಆ ಮೊದಲನೇ ವಾರ ಏನಾಗಿತ್ತಮ್ಮ?” ಎಂದಳು. “ನಂಗೇನ್ ಗೊತ್ತು? ಅವನ ಹೆಂಡ್ತಿ ತೀರಿಕೊಂಡ ವರ್ಷ ಅದು” ಎಂದೆ. ಅವಳು ಸುಮ್ಮನೆ ಪೆನ್ಸಿಲ್ ಮೊಂಡಾಗಿದೆಯೇ ಎಂದು ನೋಡಿಕೊಂಡಳು. “ನೀನೀಗ ಏನ್ ಹೇಳ್ಬೇಕು ಅಂತಿದ್ದೀಯ?” ಎಂದು ಗದರಿದೆ. “ನಾನು ಹೇಳಿ ಆಯ್ತಲ್ಲ ಅಮ್ಮ, ಹಾಳೆ ಮೇಲೆ.”

ನನ್ನ ಗಂಟಲಲ್ಲಿ ಒಂದು ಮಾತು ಬಂದು ನಿಂತಿತು. ಅದು ಬೈಗುಳ ಆಗಿದ್ದರೆ ಕ್ಷಣ ತಡವಾಗುತ್ತಿರಲಿಲ್ಲ. ಆದರೆ ಅದು ಬೈಗುಳ ಆಗಿರಲಿಲ್ಲ. “ಏಳು, ಮುದ್ದೆ ಆರೋಗುತ್ತೆ” ಎಂದೆ.

ಬುಧವಾರ ಬೆಳಿಗ್ಗೆ ನೀರು ಹಾಕಲು ಬಾಗಿಲು ತೆಗೆದರೆ ನನ್ನ ಹೊಸ್ತಿಲ ಮುಂದೆ, ಸಾರಿಸಿದ ನೆಲ ಸೀಳಿಕೊಂಡು, ಒಂದು ಗೇಣು ಜಾಲಿ! ತಲೆಯ ಮೇಲೆ ಸಿಡಿಲು ಬಿದ್ದಿದ್ದರೂ ಅದನ್ನು ಬೈದು ಕಳಿಸುತ್ತಿದ್ದೆ. ಇದಕ್ಕೆ ಏನು ಮಾಡುವುದು? ಕುಡುಗೋಲು ಕೂಡ ನನ್ನ ಮನೆಯಲ್ಲಿರಲಿಲ್ಲ, ಎಂಟು ವರ್ಷದಿಂದ ಬೇಕಾಗಿರಲಿಲ್ಲ. ಬರಿಗೈಯಲ್ಲಿ ಕಿತ್ತು ಅಂಗೈಯೆಲ್ಲ ರಕ್ತ ಮಾಡಿಕೊಂಡೆ. ಕಿತ್ತ ಜಾಗದಲ್ಲಿ ಮತ್ತೊಂದು ತುದಿ ಆಗಲೇ ಇಣುಕುತ್ತಿತ್ತು, ನಾಳೆಯವರೆಗೂ ಕಾಯುವ ತಾಳ್ಮೆ ಅದಕ್ಕಿರಲಿಲ್ಲ. ನನ್ನ ಗಿಡವಲ್ಲವೇ? ಸಗಣಿ ಹೊರುವ ಮಂಕರಿ ತಂದು ಬೋರಲು ಹಾಕಿದೆ.

ಪಕ್ಕದ ಮನೆಯ ಸಾಕಮ್ಮ ಗೋಡೆಯ ಮೇಲಿಂದ ಮುಖ ಎತ್ತಿದಳು. ಅವಳ ಅಂಗಳದ ಜಾಲಿಯ ನಡುವೆ ಅವಳ ಮುಖ ಯಾವಾಗಲೂ ಪಂಜರದ ಗಿಳಿಯ ಹಾಗೆ ಕಾಣುತ್ತದೆ. “ಏನಕ್ಕಾ ಮಂಕರಿ ಕೆಳಗೆ?” “ಕೋಳಿಮರಿ.” “ಕೂಗ್ತಾನೇ ಇಲ್ವಲ್ಲ?” “ಮಲಗಿದೆ.” “ಒಂದೇನಾ?” “ನಿಂಗ್ಯಾಕೆ? ನಿನ್ನ ಕೋಳಿಗಳು ನನ್ನ ರಾಗಿ ಕೆದರಿದ್ದು ಸಾಲ್ದಾ, ಈಗ ನನ್ನ ಮರಿ ಲೆಕ್ಕ ಬೇಕಾ?” ಎಂದು ಕೂಗಿದೆ. ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಒಳಗೆ ಹೋದಳು.

ಯಾರಿಗೋ ಬೈಯುವುದನ್ನು ಮರೆತಿರಬೇಕು, ಅದಕ್ಕೇ ಈ ಮುಳ್ಳು ಎಂದು ನನ್ನ ಬುದ್ಧಿ ಹೇಳಿತು. ಸೆರಗು ಸಿಕ್ಕಿಸಿ ಹೊರಟೆ. ರೇಷನ್ ಅಂಗಡಿಯವನಿಗೆ ಹೋದ ತಿಂಗಳ ಅಕ್ಕಿಯ ಹುಳುವಿನ ಬಗ್ಗೆ ಎರಡನೆಯ ಸಲ ಬೈದೆ. ಪೋಸ್ಟ್ ಹಂಚುವವನಿಗೆ ಗಂಟೆ ಹೊಡೆಯುವ ರೀತಿ ಸರಿಯಿಲ್ಲ ಎಂದೆ. ಗುಡಿಯ ಪೂಜಾರಿಗೆ ತೀರ್ಥ ನೀರಾಗಿದೆ ಎಂದೆ. “ತೀರ್ಥ ನೀರೇ ಅಲ್ವಾ ತಿಮ್ಮಾಜಮ್ಮ?” ಎಂದು ಅವರು ಶುರು ಮಾಡುವಷ್ಟರಲ್ಲಿ ಮುಂದಿನ ಮನೆಯಲ್ಲಿದ್ದೆ. ಕೊನೆಗೆ ನನ್ನ ಅಣ್ಣನಿಗೆ ಫೋನು ಮಾಡಿ, ಅವನು ಆರು ವರ್ಷದ ಹಿಂದೆ ಕೊಟ್ಟ ಸೀರೆ ಬಣ್ಣ ಬಿಟ್ಟಿತು ಎಂದು ಕೂಗಿ ಇಟ್ಟೆ. ಗಂಟಲು ಹರಿದು, ಖುಷಿಯಾಗಿ ಮಲಗಿದೆ.

ಗುರುವಾರ ಬೆಳಿಗ್ಗೆ ಮಂಕರಿ ನೆಲದಿಂದ ಮೊಳದೆತ್ತರ ಎದ್ದು ನಿಂತಿತ್ತು. ಬೀದಿಯಲ್ಲಿ ನಾನು ಬೈದ ಮನೆಗಳ ಮುಂದೆ ಒಂದೊಂದು ಹೊಸ ಗಿಡ. ಪೂಜಾರಿಯ ಮನೆಯ ಮುಂದೆ ಎರಡು. ಸಾಕಮ್ಮನ ಮನೆಯ ಮುಂದೆಯೂ ಒಂದು. ಸುಚರಿತಾ ಬೀದಿ ಸುತ್ತಿ ಬಂದು, ಹಾಳೆ ಬಿಚ್ಚಿ, ಹತ್ತು ಹೊಸ ಚುಕ್ಕೆ ಇಟ್ಟಳು. ನನ್ನ ಮನೆಯ ಬಿಳಿ ಚೌಕದ ಹತ್ತಿರ ಪೆನ್ಸಿಲ್ ತಂದು, ಮಂಕರಿಯ ಕಡೆ ಒಮ್ಮೆ ನೋಡಿ, ಚುಕ್ಕೆ ಇಡದೆ ಹಾಳೆ ಸುತ್ತಿದಳು. ಆ ಒಂದು ಚುಕ್ಕೆ ಅವಳು ಇಟ್ಟಿದ್ದರೆ ನಾನು ಜಗಳ ಆಡಬಹುದಿತ್ತು.

ಶುಕ್ರವಾರ ಹತ್ತು ಗಂಟೆಗೆ ಇಂದುಮತಿ ಮೇಡಂ ಇನ್ನಿಬ್ಬರ ಜೊತೆ ಬಂದರು. ಹಿಂದೆ ಪಂಚಾಯಿತಿ ಅಧ್ಯಕ್ಷರು, ಅವರ ಹಿಂದೆ ಅರ್ಧ ಊರು. ‘ಮಾದರಿ ಅಂಗಳ’ ಬೋರ್ಡಿನ ಕೆಳಗೆ ನಾನು ಹೊಸ ಸೀರೆ ಉಟ್ಟು ನಿಂತಿದ್ದೆ. ನನ್ನ ಬೆನ್ನ ಹಿಂದೆ ಆಳೆತ್ತರದ ಜಾಲಿ, ಅದರ ತಲೆಯ ಮೇಲೆ ಟೋಪಿಯ ಹಾಗೆ ಮಂಕರಿ. ಮೇಲೆ ನನ್ನ ಹಳೆಯ ಸೀರೆ ಹೊದಿಸಿದ್ದೆ. ಮೇಡಂ ಅದನ್ನು ಸುತ್ತಿ ಬಂದು, “ಇದೇನು ತಿಮ್ಮಾಜಮ್ಮನವರೇ, ಹೊಸ ಥರದ ತುಳಸಿಕಟ್ಟೆಯೇ?” ಎಂದರು. ಗಾಳಿಗೆ ಸೀರೆ ಜಾರಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಆಗ ಸುಚರಿತಾ ಮುಂದೆ ಬಂದಳು. “ಅದು ನಂದು ಮೇಡಂ. ಇಲ್ಲಿ ಇರೋಳು ನಾನೂ ಅಲ್ವಾ. ಒಂದು ಮಾತು ನುಂಗಿಬಿಟ್ಟಿದ್ದೆ. ಅಮ್ಮಂದಲ್ಲ.” ಮೇಡಂ ಮುಖ ಗಂಟಾಯಿತು. “ಒಂದು ತಿಂಗಳು ಕಲಿತ ಮೇಲೂ ಇಷ್ಟೆತ್ತರದ್ದಾ ಸುಚರಿತಾ?” ಎಂದು ಕೈಯಲ್ಲಿದ್ದ ಫೈಲು ತೆರೆದು ಪೆನ್ನು ತೆಗೆದರು. ಹುಡುಗಿ ತಲೆ ತಗ್ಗಿಸಿ ನಿಂತಳು. ಅವಳ ಒಂದು ವರ್ಷದ ಓದು ಆ ಪೆನ್ನಿನ ತುದಿಯಲ್ಲಿತ್ತು.

ನನಗೆ ಎಲ್ಲಿತ್ತೋ ಸಿಟ್ಟು. “ಸುಳ್ಳು ಬೊಗಳ್ಬೇಡ ನನ್ನ ಅಂಗಳದಲ್ಲಿ!” ಎಂದು ಕಿರುಚಿದೆ. “ಮೇಡಂ, ಪೆನ್ನು ಮುಚ್ಚಿ. ಆ ಮುಳ್ಳು ನಂದು. ಲೇ ಸುಚರಿತಾ, ನಿನ್ನ ನಕ್ಷೆ ಸರಿ ಕಣೇ, ನಾನೇ ತಪ್ಪು! ನನ್ನ ಅಂಗಳ ಯಾಕೆ ಚೊಕ್ಕಟ ಅಂದ್ರೆ, ನನ್ನ ಮುಳ್ಳನ್ನೆಲ್ಲ ಬೇರೆಯವರ ಅಂಗಳಕ್ಕೆ ಉಗುಳಿದೀನಿ. ನಾನು ಬೈದೆ, ಅವರು ನುಂಗಿದ್ರು. ಸಾಕಾ? ಹೇಳ್ದೆ!”

ಚಟ್ ಎಂದು ಸದ್ದಾಯಿತು. ಜಾಲಿ ನಿಂತಲ್ಲೇ ಒಣಗಿ ಮುರಿದು ಬಿತ್ತು. ಮಂಕರಿ ಉರುಳಿಕೊಂಡು ಹೋಗಿ ಮೇಡಂ ಕಾಲ ಬಳಿ ನಿಂತಿತು. ಅಂಗಳ ಮತ್ತೆ ಕನ್ನಡಿ. ಮೇಡಂ ಚಪ್ಪಾಳೆ ತಟ್ಟಿದರು. “ಅದ್ಭುತ! ಇದೇ ನಮಗೆ ಬೇಕಾಗಿರೋ ಬೋಧಕಿ” ಎಂದರು. ಅಧ್ಯಕ್ಷರು ಹಾರಕ್ಕೆ ಕೈ ಹಾಕಿದರು. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ನಾನು ಬೋಧಕಿ. ಆದರೆ ಹಾರಕ್ಕೆ ಕತ್ತು ಬಗ್ಗಿಸುವಾಗ ಗೋಡೆಯಾಚೆ ಸಾಕಮ್ಮ ಕಂಡಳು, ಪಂಜರದ ಒಳಗೆ. ನನ್ನ ಒಂದು ಮುಳ್ಳೇನೋ ಹೋಯಿತು, ಅವಳ ಅಷ್ಟೂ ಅಲ್ಲೇ ಇದ್ದವು.

ಹಾರವನ್ನು ಅಧ್ಯಕ್ಷರ ಕತ್ತಿಗೇ ಹಾಕಿ ಹೇಳುಕಟ್ಟೆಗೆ ನಡೆದೆ. ಕಟ್ಟೆ ಹತ್ತಲಿಲ್ಲ, ಕೆಳಗೆ ಮಣ್ಣಿನ ಮೇಲೆ ಕೂತೆ. “ಇವತ್ತು ಯಾರಿಗೆ ನನ್ನ ಮೇಲೆ ಏನಿದೆಯೋ ಹೇಳಿ. ನಾನು ತಿರುಗಿ ಮಾತಾಡಲ್ಲ” ಎಂದೆ. “ನೀವಾ?” ಎಂದು ಅಧ್ಯಕ್ಷರು ನಕ್ಕರು. ಅವರಿಗೆ ಕೊಡಬೇಕಾದ ಉತ್ತರವನ್ನು ಹಲ್ಲಿನ ಮಧ್ಯೆ ಹಿಡಿದು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ.

ಸಾಕಮ್ಮ ಮೊದಲು ಹತ್ತಿದಳು. “ಅಕ್ಕಾ, ನಿಮ್ಮ ಬಚ್ಚಲ ನೀರು ಹದಿನಾಲ್ಕು ವರ್ಷದಿಂದ ನನ್ನ ಹಿತ್ತಲಿಗೆ ಬರ್ತಿದೆ. ನಾನು ಹೇಳೋಕೆ ಬಾಯಿ ತೆಗೆದ್ರೆ ನೀವು ನನ್ನ ಕೋಳಿ ವಿಷ್ಯ ತೆಗೀತೀ‌ರಿ. ಆ ಕೋಳಿ ಸತ್ತು ಹತ್ತು ವರ್ಷ ಆಯ್ತು, ಅದರ ಮೊಮ್ಮಕ್ಕಳಿಗೂ ಬೈತೀರಲ್ಲ!” ನನ್ನ ಬಾಯಲ್ಲಿ ಸೆರಗು ಒದ್ದೆಯಾಯಿತು. ಪೂಜಾರಿ ಬಂದರು, ತೀರ್ಥದಲ್ಲಿ ತುಳಸಿ, ಪಚ್ಚಕರ್ಪೂರ ಏನೇನಿದೆ ಎಂದು ಒಂದೊಂದಾಗಿ ವಿವರಿಸಿದರು. ರೇಷನ್ ಅಂಗಡಿಯವನು ಬಂದ. ಒಬ್ಬರಾದ ಮೇಲೆ ಒಬ್ಬರು. ಪ್ರತಿಯೊಬ್ಬರಿಗೂ ನನ್ನ ಬಳಿ ಒಳ್ಳೊಳ್ಳೆಯ ಉತ್ತರಗಳಿದ್ದವು, ಕೆಲವಂತೂ ಮುತ್ತಿನಂಥವು. ಒಂದೊಂದನ್ನೂ ಗುಳಿಗೆಯ ಹಾಗೆ ನುಂಗಿದೆ. ಬೀದಿಯ ಕಡೆಯಿಂದ ಒಣ ಗಿಡಗಳು ಮುರಿದು ಬೀಳುವ ಸದ್ದು ಬರುತ್ತಲೇ ಇತ್ತು.

ಕೊನೆಗೆ ಮೂಡ್ಲಣ್ಣ ಬಂದ. ಕಟ್ಟೆ ಹತ್ತಲಿಲ್ಲ. ನನ್ನೆದುರು ಬಂದು ಕುಕ್ಕರುಗಾಲಲ್ಲಿ ಕೂತ. ಟವಲಿನಿಂದ ಮುಖ ಒರೆಸಿಕೊಂಡ. ನಾನು ಕಾದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಯಾರಿಗೂ ಕಾದಿರಲಿಲ್ಲ.

“ಎರಡು ಸಲ ಕರ್ಕೊಂಡು ಹೋಗಿದ್ದೆ ತಾಯಿ” ಎಂದ. “ದೊಡ್ಡಾಸ್ಪತ್ರೆಗೆ. ಸೈಕಲ್ ಹಿಂದೆ ಕೂರಿಸ್ಕೊಂಡು, ಬೀಳ್ದೇ ಇರ್ಲಿ ಅಂತ ಟವಲಲ್ಲಿ ನನ್ನ ಸೊಂಟಕ್ಕೆ ಕಟ್ಕೊಂಡು. ಅವಳು ತೀರ್ಕೊಂಡ ದಿನ, ಹೆಣ ಎತ್ತೋಕೆ ಮುಂಚೆ ನೀವು ಎಲ್ಲರ ಮುಂದೆ, ಹೆಂಡ್ತೀನ ಆಸ್ಪತ್ರೆಗೆ ತೋರಿಸ್ದೇ ಇರೋ ಗಂಡಸು ಅಂದ್ರಿ. ತೋರಿಸಿದ್ದೆ. ಎರಡು ಸಲ.”

ಸೆರಗು ಬಾಯಿಂದ ತೆಗೆದು, “ತಪ್ಪಾಯ್ತಣ್ಣ” ಎಂದೆ. ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನಾಲಿಗೆ ಆ ಎರಡು ಮಾತಿಗೆ ಎರಡು ಸಲ ತಡವರಿಸಿತು. ಕೆರೆಯ ಕಡೆಯಿಂದ, ಸೌದೆ ತುಂಬಿದ ಗಾಡಿ ಮಗುಚಿದ ಹಾಗೆ, ಜಾಲಿಯೆಲ್ಲ ಒಟ್ಟಿಗೆ ಮುರಿದು ಬೀಳುವ ದೊಡ್ಡ ಸದ್ದು ಬಂತು. ಎಲ್ಲರೂ ಏರಿಯ ಕಡೆ ಓಡಿದರು. ಮೂಡ್ಲಣ್ಣ ಮಾತ್ರ ಹಾಗೇ ಕೂತಿದ್ದ. ನಾನೂ ಕೂತಿದ್ದೆ.

ಶನಿವಾರ ಬೆಳಿಗ್ಗೆ ನನ್ನ ಅಂಗಳದಲ್ಲಿ ಹತ್ತೊಂಬತ್ತು ಜಾಲಿ ಇದ್ದವು. ಗೇಟು ತೆರೆಯಲು ಆಗದೆ ಸುಚರಿತಾಳನ್ನು ಹಿತ್ತಲಿನಿಂದ ಬಸ್ಸಿಗೆ ಕಳಿಸಿದೆ. ಹೋಗುವಾಗ ಅವಳು, “ಸಾರು ನೆನ್ನೇನೂ ಖಾರ ಇತ್ತಮ್ಮ. ಆದ್ರೆ ಇನ್ನೊಂದು ಸಲ ಬಡಿಸಿದ್ರೂ ತಿಂತೀನಿ” ಎಂದಳು. “ಹೇಳ್ಬೇಕಾಗಿದ್ದು ನೀನು ಹೇಳ್ದೆ. ಈಗ ನಾನು ಹೇಳ್ತೀನಿ ಕೇಳು. ಮತ್ತೆ ಬಾ” ಎಂದೆ. ಇಪ್ಪತ್ತನೆಯ ಗಿಡ ಹುಟ್ಟಲು ಬಿಡಬಾರದು ಎಂದು ಹೇಳಿದೆ, ಅಷ್ಟೇ. ಅವಳು ಹೋದ ಮೇಲೆ, ಯಜಮಾನರ ಗಿಡಗಳು ಇದ್ದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಅವರು ನನಗೆ ಏನು ಹೇಳಬೇಕೆಂದಿದ್ದರೋ. ಎಷ್ಟು ಗಿಡ ಇದ್ದವು ಎಂದು ಕೂಡ ನಾನು ಎಣಿಸಿರಲಿಲ್ಲ.

ಎರಡು ವಾರಕ್ಕೆ ಕಾಲೇಜಿನಿಂದ ಕಾಗದ ಬಂತು. ನಮ್ಮೂರು ಕಾಯಂ ತರಬೇತಿ ಊರು. ಬೋಧಕರು ಮೂಡಲಗಿರಿಯಪ್ಪನವರು. ವಿಷಯ: ಗಿಡದ ವಯಸ್ಸು ತಿಳಿಯುವುದು ಮತ್ತು ಸುಮ್ಮನೆ ಜೊತೆಗೆ ಕೂರುವುದು. ನನಗೂ ಒಂದು ಕೆಲಸ ಕೊಟ್ಟಿದ್ದರು. ಬರುವ ವಿದ್ಯಾರ್ಥಿಗಳು ಪರೀಕ್ಷೆಗೆ ಮೊದಲು ನನ್ನೆದುರು ನಿಂತು ಒಂದು ಮಾತನ್ನು ಶುರು ಮಾಡಿ ಕೊನೆಯವರೆಗೂ ಮುಗಿಸಬೇಕಂತೆ. ಅದು ಅವರ ಅಭ್ಯಾಸಕ್ಕೂ ಆಯಿತು, ನನ್ನ ಅಭ್ಯಾಸಕ್ಕೂ ಆಯಿತು ಎಂದು ಮೇಡಂ ಬರೆದಿದ್ದರು. ಕಾಗದವನ್ನು ಹರಿಯಬೇಕು ಎನ್ನಿಸಿತು. ಬದಲಿಗೆ ಗೇಟಿನ ಬೋರ್ಡು ಬಿಚ್ಚಿ, ಬಚ್ಚಲ ನೀರು ಸಾಕಮ್ಮನ ಹಿತ್ತಲಿಗೆ ಹೋಗುತ್ತಿದ್ದ ಕಂಡಿಗೆ ಅಡ್ಡ ನಿಲ್ಲಿಸಿದೆ. ಸರಿಯಾದ ಅಳತೆ.

ಮೊನ್ನೆ ಬೆಳಿಗ್ಗೆ ಮೂಡ್ಲಣ್ಣ ಕೊಡಲಿ ಹಿಡಿದು ಬಂದ. ಏರಿಯ ಮೇಲಿನ ಒಣ ಸೌದೆಯೆಲ್ಲ ಮುಗಿದು, ಅವನಿಗೆ ಸುಡಲು ಏನೂ ಉಳಿದಿರಲಿಲ್ಲ. ಇಸ್ತ್ರಿ ಅಂಗಡಿಯವರು ಕಾಯುತ್ತಿದ್ದರು. “ತಾಯಿ, ನಿಮ್ಮ ಅಂಗಳದ್ದು ಕಡ್ಕೊಳ್ಳಲಾ?” ಎಂದ. ಊರಿಗೇ ಹೆಚ್ಚಾದ ನನ್ನ ಮುಳ್ಳಿನ ಬಗ್ಗೆ ನನಗೆ ಆಗಲೇ ಒಂದು ಹೆಮ್ಮೆ ಹುಟ್ಟಿತ್ತು. “ಎಷ್ಟು ಬೇಕಾದ್ರೂ ಕಡ್ಕೋ” ಎಂದೆ. ಅವನು ಒಂದು ಕೊಂಬೆ ಮುರಿದ, ಮೂಸಿದ, ಉಗುರಿನಿಂದ ಒತ್ತಿ ನೋಡಿ ಎಸೆದ.

“ಏನ್ ತಾಯಿ ಇದು? ಒಳಗೆಲ್ಲ ಬೆಂಡು. ಇದ್ರಲ್ಲಿ ಒಂದು ಕರ್ಚೀಫು ಇಸ್ತ್ರಿ ಆಗಲ್ಲ. ನುಂಗೋದ್ರಲ್ಲಿ ನಿಮಗೆ ಏನೇನೂ ಕೈ ಪಳಗಿಲ್ಲ.”

ಹನ್ನೊಂದು ವರ್ಷ ಬಾಯಿ ಬಿಡದವನು ನನ್ನ ಅಂಗಳದಲ್ಲಿ ನಿಂತು ನನ್ನ ಜಾಲಿಗೆ ಹೆಸರಿಡುತ್ತಾನೆ! ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯತೊಡಗಿತು. ಅದನ್ನು ಹಾಗೇ ಹಿಡಿದುಕೊಂಡೆ, ನುಂಗಲಿಲ್ಲ, ಉಗುಳಲೂ ಇಲ್ಲ.

“ಮುಗೀತಾ?” ಎಂದೆ.

“ಇನ್ನೂ ಇದೆ ತಾಯಿ.”

“ಹಂಗಾದ್ರೆ ಮುಗಿಸು. ಆಮೇಲೆ ಐತೆ ನಿಂಗೆ.”

ಮೂಡ್ಲಣ್ಣ ಕೊಡಲಿ ಕೆಳಗಿಟ್ಟ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಗೋಡೆಗೆ ಬೆನ್ನು ಕೊಟ್ಟು, ನಿಧಾನವಾಗಿ ಎಲೆಯಡಿಕೆ ಚೀಲ ಬಿಚ್ಚಿದ.